ಮೇಜಿನ ಅಳತಿ

ಬೆಂಗೇರಿಯೊಳಗ ನನ್ನದು ಮೂರನೇ ಮಷೀನು, ಕಿಡಕಿ ಬಾಜೂಕ.
ಆರು ಇಂಚು ಉದ್ದ, ನಾಕು ಇಂಚು ಅಗಲ,
ಇದಕ್ಕ ಮೇಜಿನ ಅಳತಿ ಅಂತೀವಿ.
ದೊಡ್ಡ ಬಾವುಟ ಹೊಲಿಯೂದು ಸಸಾರ,
ಗಾಳಿ ಅದರ ತಪ್ಪು ಮುಚ್ಚತೈತಿ.
ಮೇಜಿನ ಮ್ಯಾಲಿನದಕ್ಕ ಗಾಳಿ ಇಲ್ಲ.
ಮಾತಾಡಿ ಮಾತಾಡಿ ಬ್ಯಾಸತ್ತ ಮಂದಿ
ಅದನ್ನ ನೋಡಕೋತ ಕುಂಡ್ರತಾರ.

ಒಂದು ಎಳಿ ಕಡಿಮಿ ಬಿದ್ರ ಇಡೀ ಥಾನ ವಾಪಸ್.
ಕುಬಿಹಾಳ ಮಾಸ್ತರು ಭೂತಗನ್ನಡಿ ಹಿಡದು ಎಣಸ್ತಾರ,
ಎಣಿಸಿ ಬರೀತಾರ, ಬರದು ಸಹಿ ಮಾಡ್ತಾರ.
ಅವರ ಸಹಿ ಅಂದ್ರ ನಮಗ ಅಂಜಿಕಿ,
ಎಣಸದ ಎಂದೂ ಹಾಕಿದವರಲ್ಲ.

ಚಕ್ರದ ಛಾಪು ಇನ್ನೂ ನಾಜೂಕು.
ಈ ಮಗ್ಗಲದ್ದು ಆ ಮಗ್ಗಲದ್ದು
ಒಂದರ ಬೆನ್ನಿಗೆ ಒಂದು ಕೂಡಬೇಕು,
ಇಪ್ಪತ್ನಾಕೂ ಕಡ್ಡಿ.
ಹಜರತಬಿ ಬೆಳಕಿಗೆ ಹಿಡದು ನೋಡ್ತಾಳ,
ಕೂದಲೆಳಿ ಸರದಿದ್ರೂ
"ಇದು ಎರಡು ನಾಲಿಗಿದ್ದು" ಅಂತ ಬುಟ್ಟಿಗೆ ಒಗೀತಾಳ.

ಆ ವರ್ಷ ಎಲ್ಲಾರ ಬಾಯಾಗೂ ಅಣು ಒಪ್ಪಂದ.
ಕೇಶ್ವಾಪುರದಾಗ ಮೋರ್ಚಾ ಹೊಂಟು ಬಸ್ಸು ಅರ್ಧಾ ತಾಸು ನಿಂತಿತು.
ಬ್ಯಾಡ ಅನ್ನವರ ಕೈಯಾಗ ನಮ್ಮ ಬಾವುಟ,
ಬೇಕು ಅನ್ನವರ ಕೈಯಾಗೂ.
ಚಹಾದಂಗಡಿ ಟೀವಿಯೊಳಗ
ದೊಡ್ಡ ಸಾಹೇಬ್ರು, ಹೆಸರು ಬ್ಯಾಡ,
ಮೈಕಿನ ಮುಂದ ನಿಂತಿದ್ರು. ತುಟಿ ಅಲ್ಲಾಡತಿತ್ತು.
"ಆವಾಜ್ ಏರಸೋ ರುದ್ರಾ" ಅಂದ್ರು ಯಾರೋ.
ರುದ್ರ ಏರಿಸಿದ. ಗದ್ದಲ ಏರಿತು.
ಸಾಹೇಬ್ರು ಅಷ್ಟ ಇದ್ರು.

ಕರಾರಿನ ಕಾಗದ ಇಲ್ಲಿ ಓದಿದ್ರ ಒಂದು ಅರ್ಥ ಅಂತ,
ಸಮುದ್ರದಾಚಿ ಓದಿದ್ರ ಇನ್ನೊಂದು.
ಬೆಳಕಿಗೆ ಹಿಡಿಯವರು ಯಾರು?
ಮೊನ್ನಿ ಕುರ್ಚಿ ಮ್ಯಾಲಿದ್ದಾಗ ಬೇಕಂದಿದ್ದನ್ನ
ಈಗ ಕೆಲವರು ಮೇಜು ಕುಟ್ಟಿ ಬ್ಯಾಡಂತಿದ್ರು.
ನನಗರ ಏನು ತಿಳೀತೈತಿ?
ಯುರೇನಿಯಂ ಕರಿದೋ ಬಿಳಿದೋ ನಾ ಕಂಡಿಲ್ಲ.
ಕರೆಂಟು ಗೊತ್ತು, ಅದೂ ಹೋದಾಗ.
ಹತ್ತಕ್ಕ ಹೋದ್ರ ಒಂದಕ್ಕ ಬರತೈತಿ,
ಅಷ್ಟರಾಗ ಮೂವತ್ತು ಬಾವುಟದ ಕೂಲಿ ಹೋಗಿರತೈತಿ.

ಮನಿಯವರು ಲೈನ್‌ಮನ್.
ಕೈಗಾದಿಂದ ಘಟ್ಟ ಹತ್ತಿ ನರೇಂದ್ರಕ್ಕ ಬರೋ ತಂತಿ
ಥಂಡಿ ರಾತ್ರಿ ಹೆಂಗ ಗುಂಯ್ ಅಂತೈತಿ, ಬಲ್ಲವರು.
ಊಟಕ್ಕ ಕುಂತಾಗ ಕೇಳಿದೆ,
ಈ ಒಪ್ಪಂದ ಛಲೋನೋ ಕೆಟ್ಟೋ?
ರೊಟ್ಟಿ ಮುರದು ಪುಂಡಿಪಲ್ಯಾ ಒತ್ತಿಕೊಂಡು
ಭಾಳ ಹೊತ್ತು ಸುಮ್ಮನಿದ್ರು.
"ಕರೆಂಟಿಗೆ ಕುಲ ಇಲ್ಲ. ಎಲ್ಲಿಂದ ಬಂದ್ರೂ ದೀಪ ಹತ್ತತೈತಿ.
ನಾ ಕಂಬ ಹತ್ತೋಮುಂದ ಒಂದ ನೋಡ್ತೀನಿ,
ಫ್ಯೂಜ್ ಯಾರ ಕಿಸೆದಾಗ ಐತಿ?
ಕಲ್ಲಪ್ಪ ಮ್ಯಾಲಿದ್ದಾಗ
ಕೆಳಗ ಯಾರೋ ಹಾಕಿದ್ರಲ್ಲ."
ಕಲ್ಲಪ್ಪನ ಮಾತು ಬಂತಂದ್ರ
ನಮ್ಮ ಮನ್ಯಾಗ ಊಟ ಮುಗೀತು.

ಸಹಿ ಆದ ದಿನ ಮಷೀನು ಬಂದ್ ಮಾಡಿ ನೋಡಿದ್ವಿ.
ಉದ್ದನ್ನ ಮೇಜು, ಹೂವಿನ ಕುಂಡ,
ಎರಡು ಬಾವುಟ, ಒಂದ ಎತ್ತರ.
ಒಂದು ನಮ್ಮದು. ನಾ ಹೊಲದದ್ದ ಇರಬಹುದು,
ಹಜರತಬೀದೂ ಇರಬಹುದು. ಬಾವುಟಕ್ಕ ನಮ್ಮ ಹೆಸರು ಹಾಕಂಗಿಲ್ಲ.
ಬ್ಯಾರೆಯವರು ಬಟ್ಟು ತೋರಿಸಿದಲ್ಲೆಲ್ಲಾ
ಸಾಹೇಬ್ರು ಸಹಿ ಮಾಡಿದ್ರು.
ಏಳೋಮುಂದ ತೋಳು ತಾಗಿ
ನಮ್ಮ ಬಾವುಟ ವಾಲಿತು.
ಅವರಿಗೆ ಗೊತ್ತಾಗಲಿಲ್ಲ, ನಗೋದರಾಗಿದ್ರು.
ಆ ಕಡಿಯಾಂವ
ಎರಡು ಬಟ್ಟಿಲೆ ಹಿಡದು
ನೆಟ್ಟಗ ಮಾಡಿದ.

ಯಾರೋ ಚಪ್ಪಾಳಿ ಹೊಡದ್ರು.
ಹಜರತಬಿ ನನ್ನ ಮಾರಿ ನೋಡಿದ್ಲು.
ನಾ ಹೊಲಿಗಿ ನೋಡತಿದ್ದೆ.
ಹೊಲಿಗಿ ಬಿಟ್ಟಿರಲಿಲ್ಲ.

ಅವತ್ತ ರಾತ್ರಿ ಗಾಳಿಗೆ ನಮ್ಮ ಓಣ್ಯಾಗ ತಂತಿ ಹರೀತು.
ಕತ್ತಲದಾಗ ಕಂದೀಲ ಹಿಡದು ಕಂಬದ ಬುಡಕ್ಕ ನಿಂತೆ.
ಮನಿಯವರು ಅರ್ಧಾ ಹತ್ತಿದ್ರು.
"ಫ್ಯೂಜ್?" ಅಂದೆ.
ಕೆಳಗ ನೋಡಲಿಲ್ಲ.
ಒಂದ ಕೈ ಬಿಟ್ಟು
ಅಂಗಿ ಕಿಸೆ ಎರಡು ಸಲ ಬಡಕೊಂಡ್ರು.